ಮೂವತ್ತೊಂದನೆಯ ಹೆಸರು

ಕ್ರೈಸ್ತ ಗುರುಗಳಾಗುವವರು ಓದುವ ಆ ಗುರುಮಠಕ್ಕೆ ನೂರು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸ ಏಳನೆಯ ವರ್ಷದ ಒಬ್ಬ ಅಭ್ಯರ್ಥಿಯ ಹೆಗಲಿಗೆ ಬಿತ್ತು. ಅವನ ಅಕ್ಷರ ದುಂಡಗಿತ್ತು ಎಂಬುದೊಂದೇ ಅವನು ಮಾಡಿದ ಅಪರಾಧ. ಅಂದಿನಿಂದ ಜೊತೆಗಾರರು ಅವನನ್ನು ‘ಪುರಾಣಿಕ’ ಎಂದು ಕರೆಯತೊಡಗಿದರು. ನಾವೂ ಹಾಗೇ ಕರೆಯೋಣ.

ಬರುವ ತಿಂಗಳು ಪುರಾಣಿಕನಿಗೆ ಸೇವಾದರ್ಶಿಯ ದೀಕ್ಷೆ. ಗುರುವಾಗುವ ಮುಂಚಿನ ಕೊನೆಯ ಮೆಟ್ಟಿಲು ಅದು. ಅಂದು ಕೊಟ್ಟ ಮಾತು ಉಸಿರಿರುವವರೆಗೆ. ದೇವರ ಮೇಲೆ ಅವನಿಗೆ ಮುನಿಸಿರಲಿಲ್ಲ. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆಯಲ್ಲಿ ಮಂಡಿಯೂರಿದರೆ ಮನಸ್ಸು ತಿಳಿಯಾಗುತ್ತಿತ್ತು. ಆದರೆ ಪೀಠದ ಆಚೆ ತಾನೇ ಗುರುವಾಗಿ ನಿಂತಿರುವುದನ್ನು ನೆನೆದರೆ ಸಾಕು, ಕೊರಳಿನ ಗುಂಡಿಯನ್ನು ಯಾರೋ ಎಳೆದು ಹಾಕಿದಂತಾಗುತ್ತಿತ್ತು. ಒಂದು ವರ್ಷದಿಂದ ಹೀಗೇ. ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿದ್ದುದು ಅಮ್ಮನಿಗೆ. ಬಟ್ಟೆ ಹೊಲಿದು ಅವನನ್ನು ಸಾಕಿದ ಅಮ್ಮ, ದೀಕ್ಷೆಯ ನಿಲುವಂಗಿಯನ್ನು ತನ್ನ ಕೈಯಾರೆ ಹೊಲಿದು, ತೋಳಿನ ಅಂಚೊಂದು ಬಾಕಿ ಇರುವಾಗಲೇ ಇಡೀ ಬೀದಿಗೆ ತೋರಿಸಿಯಾಗಿತ್ತು.

ಮಠದ ಗೋಡೆಗಳು ಎರಡು ಮೊಳ ದಪ್ಪ. ಉದ್ದದ ಮೊಗಸಾಲೆಯ ಎರಡೂ ಬದಿಗೆ ಒಂದೇ ಅಳತೆಯ ಕೋಣೆಗಳು. ಮಂಚ, ಮೇಜು, ಶಿಲುಬೆ, ಎತ್ತರದಲ್ಲೊಂದು ಕಿಟಕಿ. ಕೂತರೆ ಅದರಲ್ಲಿ ಆಕಾಶ ಕಾಣುತ್ತಿತ್ತು; ನಿಂತರೂ ಆಕಾಶವೇ. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು, “ಇದ್ದೇನೆ” ಎನ್ನಬೇಕು. ನಿದ್ದೆಗಣ್ಣಿನಲ್ಲೂ, ಜ್ವರದಲ್ಲೂ. ರಜೆಗೆ ಮನೆಗೆ ಹೋದಾಗ ಅಕ್ಕತಂಗಿಯರು ಹೆಸರು ಹಿಡಿದು ಎಬ್ಬಿಸಿದರೆ ಹಾಸಿಗೆಯಲ್ಲೇ “ಇದ್ದೇನೆ” ಎಂದು ನಗೆಪಾಟಲಾಗದ ಅಭ್ಯರ್ಥಿಯೇ ಇರಲಿಲ್ಲ.

ಹಳೆಯ ದಫ್ತರಗಳಲ್ಲಿ ಪುರಾಣಿಕನಿಗೆ ಬೇಕಾದಷ್ಟು ಸಿಕ್ಕಿತು. ಮೊದಲ ಹನ್ನೊಂದು ಮಂದಿ ಕುದುರೆ ಲಾಯದಲ್ಲಿ ಕೂತು ಲ್ಯಾಟಿನ್ ಕಲಿತಿದ್ದರು. ಜ್ವರದ ಪಿಡುಗು ಬಂದ ವರ್ಷ ತರಗತಿಗಳೇ ಆಸ್ಪತ್ರೆಯಾಗಿದ್ದವು. ಯುದ್ಧದ ವರ್ಷ ಕಂಚಿನ ಗಂಟೆಯನ್ನು ಕರಗಿಸಲು ಸೈನಿಕರು ಬಂದಾಗ, ಆಗಿನ ರೆಕ್ಟರು, ಎಂದರೆ ಮಠದ ಮುಖ್ಯಸ್ಥರು, ಅದನ್ನು ತರಕಾರಿ ಪಾತಿಯಲ್ಲಿ ಹೂತು ಮೇಲೆ ಕುಂಬಳದ ಬಳ್ಳಿ ಹಬ್ಬಿಸಿದ್ದರು. ಗುರುಗಳಾದವರ ಹೆಸರಿನ ಮುಂದೆ ದೀಕ್ಷೆಯ ದಿನಾಂಕ ಬರೆದಿತ್ತು. ನಡುವೆ ಬಿಟ್ಟುಹೋದವರ ಮುಂದೆ ಏನೂ ಇರಲಿಲ್ಲ. ಬಿಟ್ಟುಹೋಗುವವನು ಉಳಿದವರೆಲ್ಲ ಪ್ರಾರ್ಥನೆಯಲ್ಲಿರುವಾಗ ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕು; ಯಾರಿಗೂ ಹೇಳುವಂತಿಲ್ಲ. ಮಧ್ಯಾಹ್ನದ ಊಟಕ್ಕೆ ಅವನ ನಂತರದವರೆಲ್ಲ ಒಂದೊಂದು ಕುರ್ಚಿ ಮುಂದಕ್ಕೆ ಸರಿದು ಕೂರುತ್ತಿದ್ದರು. ಅಲ್ಲಿಗೆ ಅವನ ಕಥೆ ಮುಗಿಯಿತು.

“ಎಷ್ಟು ಜನ ಹೋಗಿದ್ದಾರೆ ಫಾದರ್?” ಎಂದು ಒಮ್ಮೆ ರೆಕ್ಟರನ್ನು ಕೇಳಿದ.

“ಹೋದವರದ್ದು ಯಾಕಪ್ಪಾ? ಇದ್ದವರದ್ದು ಬರಿ.”

ಪುರಾಣಿಕ ಇದ್ದವರದ್ದನ್ನೂ ಬರೆದ. ಕೊನೆಗೆ ಹೋದವರ ಹೆಸರುಗಳನ್ನೂ ಬರೆದ. ನಲವತ್ತಮೂರು ಆದವು. ರೆಕ್ಟರಿಗೆ ನೂರನೆಯ ವರ್ಷದ ಓಡಾಟವೇ ತಲೆಯ ಮೇಲೆ ಕೂತಿತ್ತು. ಮೊದಲ ಪುಟ ನೋಡಿ, “ಚೆನ್ನಾಗಿದೆ, ಊಟದ ಹೊತ್ತಲ್ಲಿ ನೀನೇ ಓದು,” ಎಂದುಬಿಟ್ಟರು.

ಆ ಮಠದಲ್ಲಿ ಊಟ ಮೌನದ್ದು. ಒಬ್ಬ ಎತ್ತರದ ಪೀಠದಲ್ಲಿ ನಿಂತು ಓದುತ್ತಾನೆ, ಉಳಿದವರು ಕೇಳುತ್ತಾ ಉಣ್ಣುತ್ತಾರೆ. ರೆಕ್ಟರು ಮೇಜಿಗೆ ಮರದ ಸುತ್ತಿಗೆ ಬಡಿಯುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಬಡಿಸುವ ಮುದುಕನ ಹೆಸರು ಸೌಟಜ್ಜ. ಅದು ಅಡ್ಡಹೆಸರು, ನಿಜ ಹೆಸರು ಯಾರೂ ಕೇಳಿದ್ದಿಲ್ಲ. ನಲವತ್ತಾರು ವರ್ಷದಿಂದ ಅಡುಗೆಮನೆಯಲ್ಲೇ ಇದ್ದವರು.

“ಚರಿತ್ರೆ ಓದ್ತೀರಂತೆ ಬ್ರದರ್,” ಎಂದು ಆ ಬೆಳಗ್ಗೆ ಸೌಟಜ್ಜ ಕೆಣಕಿದ್ದರು. “ನನ್ನ ಕೈಯೂಟ ಉಂಡು ಮೂರು ಜನ ಧರ್ಮಾಧ್ಯಕ್ಷರಾದ್ರು ಅಂತ ಬರ್ದಿದ್ದೀರಾ? ಸಂತರು ಮಾತ್ರ ಒಬ್ರೂ ಆಗ್ಲಿಲ್ಲ. ಎಣ್ಣೆ ಕಮ್ಮಿ ಹಾಕಿದ್ದೆ ಅನ್ಸುತ್ತೆ.”

ಕುದುರೆ ಲಾಯ, ಜ್ವರ, ಕುಂಬಳದ ಬಳ್ಳಿ ಎಲ್ಲ ಮುಗಿದು, ಪುರಾಣಿಕ ಹೋದವರ ಹೆಸರುಗಳಿಗೆ ಬಂದ. ಐದಾರು ಹೆಸರು ಓದುವಷ್ಟರಲ್ಲಿ ಚಮಚಗಳ ಸದ್ದು ನಿಂತಿತು. ರೆಕ್ಟರ ಕೈ ಸುತ್ತಿಗೆಯ ಕಡೆ ಹೋಯಿತು. ಆದರೆ ಸತ್ತವರ ಪಟ್ಟಿಯಂತೆ ಕೇಳಿಸುತ್ತಿದ್ದ ಅದನ್ನು ನಡುವೆ ತಡೆಯಲು ಅವರಿಗೂ ಮನಸ್ಸು ಬರಲಿಲ್ಲ. ಪುರಾಣಿಕ ಮೂವತ್ತೊಂದನೆಯ ಹೆಸರು ಓದಿದ.

“ಇದ್ದೇನೆ.”

ದನಿ ಅಡುಗೆಮನೆಯ ಬಾಗಿಲಿನಿಂದ ಬಂದಿತ್ತು. ಎಲ್ಲರ ಕತ್ತೂ ತಿರುಗಿತು. ಸೌಟಜ್ಜ ಪಾತ್ರೆ ಹಿಡಿದು ನಿಂತಿದ್ದರು. ಯಾರು ಅಂದದ್ದು ಎಂದು ಅವರೂ ಒಂದು ಕ್ಷಣ ಹಿಂದೆ ನೋಡಿದರು. ಆಮೇಲೆ ಪಾತ್ರೆ ಕೆಳಗಿಟ್ಟು, ಸೆರಗಿನಂತೆ ಹೆಗಲ ಮೇಲಿದ್ದ ಒರೆಸುವ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಸುತ್ತಿಗೆ ಬಡಿಯಲಿಲ್ಲ. ಏನು ಮಾಡಬೇಕೆಂದು ತೋಚದೆ ಪುರಾಣಿಕ ಉಳಿದ ಹೆಸರುಗಳನ್ನೂ ಓದಿ ಇಳಿದ.

ಊಟ ಮುಗಿದ ಮೇಲೆ ಪುರಾಣಿಕ ಅಡುಗೆಮನೆಗೆ ಹೋದಾಗ ಸೌಟಜ್ಜ ಈರುಳ್ಳಿ ಸುಲಿಯುತ್ತಿದ್ದರು.

“ತಪ್ಪಾಯ್ತು ಅಜ್ಜ. ನಿಮ್ಮ ಹೆಸರು ಅಂತ ನನಗೆ ಗೊತ್ತಿರ್ಲಿಲ್ಲ.”

“ನನಗೇ ಮರ್ತು ಹೋಗಿತ್ತು, ನಿಮಗೆಲ್ಲಿ ಗೊತ್ತಿರುತ್ತೆ? ಕೂತ್ಕೊಳ್ಳಿ. ಈರುಳ್ಳಿ ಇದೆ, ಅಳೋದಿದ್ರೆ ಯಾರೂ ಕೇಳಲ್ಲ.”

ಇಬ್ಬರೂ ಸುಲಿದರು. ಸೌಟಜ್ಜ ತಾವಾಗಿಯೇ ಮಾತೆತ್ತಿದರು.

“ನಂದೂ ಏಳನೇ ವರ್ಷ. ಎಲ್ರೂ ಪ್ರಾರ್ಥನೇಲಿದ್ದಾಗ ಹೊರಟೆ. ಗೇಟು ದಾಟಿ ರಸ್ತೆ ತಿರುವಿನ ತನಕ ಹೋದೆ. ಅಲ್ಲಿಂದಾಚೆ ಕಾಲು ಏಳ್ಲಿಲ್ಲ. ಅಮ್ಮನಿಗೆ ಏನಂತ ಹೇಳ್ಲಿ? ತಿರುಗಿ ಬಂದೆ, ಹಿಂದಿನ ಬಾಗಿಲಿಂದ. ಆಗಿನ ಅಡುಗೆಯವರಿಗೆ ಎರಡು ಕೊಡ ನೀರು ಹೊತ್ತೆ. ನಾಳೆ ಹೋಗ್ತೀನಿ ಅಂದ್ಕೊಂಡೆ.”

“ಯಾರೂ ಏನೂ ಅನ್ಲಿಲ್ವಾ?”

“ಆಗಿನ ರೆಕ್ಟರ್ ನೋಡಿದ್ರು, ಸುಮ್ನಾದ್ರು. ಜೊತೆಯವರೂ ಕಂಡೂ ಕಾಣದ ಹಾಗಿದ್ರು. ಹೋದವನ ಮಾತು ಎತ್ತೋ ಹಾಗಿಲ್ವಲ್ಲ! ಅವರು ಗುರುಗಳಾಗಿ ಹೊರಟುಹೋದ್ರು. ನಾನು ಉಳ್ಕೊಂಡೆ.”

“ನಿಮ್ಮ ಅಮ್ಮ?”

“ಮಗ ಇನ್ನೂ ಓದ್ತಿದ್ದಾನೆ ಅಂದ್ಕೊಂಡೇ ಮರುವರ್ಷ ಹೋದ್ರು.” ಸೌಟಜ್ಜ ಚಾಕು ಒರೆಸಿಕೊಂಡರು. “ಅಡುಗೆ ಮಾಡಿದ್ದಕ್ಕೆ ಬೇಜಾರಿಲ್ಲ ಬ್ರದರ್. ದೇವರು ಒಲೆ ಹತ್ರಾನೂ ಬರ್ತಾನೆ, ಬಂದಿದ್ದಾನೆ. ಆದ್ರೆ ನಾನು ಇರ್ಬೇಕು ಅಂತ ಇದ್ದೋನಲ್ಲ. ಹೋಗೋಕಾಗದೆ ಇದ್ದೋನು. ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ.”

ಪುರಾಣಿಕ ಇನ್ನೊಂದು ಈರುಳ್ಳಿ ಎತ್ತಿಕೊಂಡ.

“ಕೊನೇ ಹೆಸರು ಓದಿ ಆದ್ಮೇಲೆ ನೀವು ಉಸಿರು ಎಳ್ಕೊಂಡ್ರಿ,” ಎಂದರು ಸೌಟಜ್ಜ ಮೆಲ್ಲಗೆ. “ಇನ್ನೂ ಒಂದು ಓದೋಕಿದೆ ಅನ್ನೋ ಹಾಗೆ. ಗೋಡೆ ಈಚೆಗೂ ಕೇಳಿಸ್ತು.”

ಭಾನುವಾರ ಬೆಳಗ್ಗೆ ಪುರಾಣಿಕ ರೆಕ್ಟರ ಬಳಿ ಹೋಗಿ ಎಲ್ಲ ಹೇಳಿದ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. “ಮೊದಲು ನಿಮ್ಮಮ್ಮನಿಗೆ ಹೇಳು. ಆಮೇಲೂ ಹೀಗೇ ಅನ್ನಿಸಿದ್ರೆ ನಾನು ತಡೆಯಲ್ಲ,” ಎಂದರು.

ಭೇಟಿಯ ದಿನವಾದ್ದರಿಂದ ಅಮ್ಮ ಹತ್ತು ಗಂಟೆಗೆ ಬಂದಳು. ಭೇಟಿಯ ಕೋಣೆಯಲ್ಲಿ ಕೂರುವ ಮುಂಚೆಯೇ ಚೀಲದಿಂದ ಅಳತೆಯ ಟೇಪು ತೆಗೆದಳು.

“ಕೈ ಚಾಚು. ತೋಳಿನ ಅಂಚು ಮಡಿಸೋಕೆ ಅಳತೆ ಬೇಕು. ಎಷ್ಟು ಸೊರಗಿದ್ದೀಯೋ! ಇಲ್ಲಿ ಊಟ ಹಾಕ್ತಾರೋ, ಬರೀ ಓದಿ ಹೇಳ್ತಾರೋ?”

ಅವನು ಎರಡೂ ಕೈ ಚಾಚಿ ನಿಂತ. ಆ ನಿಲುವಿನಲ್ಲಿ ಬಚ್ಚಿಟ್ಟುಕೊಳ್ಳಲು ಏನೂ ಉಳಿಯಲಿಲ್ಲ.

“ಅಮ್ಮ, ನಾನು ದೀಕ್ಷೆ ತಗೊಳ್ಳಲ್ಲ.”

ಟೇಪು ಮಣಿಕಟ್ಟಿನ ಬಳಿ ನಿಂತಿತು. “ಇನ್ನೊಂದ್ಸಲ ಹೇಳು.”

ಹೇಳಿದ. ಒಂದು ವರ್ಷದ್ದೆಲ್ಲ ಹೇಳಿದ. ಕೈ ಇಳಿಸಲು ಮರೆತಿದ್ದ.

“ಇದು ಇನ್ಯಾರಿಗೆ ಗೊತ್ತು?”

“ಬೆಳಗ್ಗೆ ರೆಕ್ಟರ್ ಫಾದರಿಗೆ ಹೇಳ್ದೆ. ಅದಕ್ಕೂ ಮುಂಚೆ ಅಡುಗೆಯವರಿಗೆ ಗೊತ್ತಾಯ್ತು.”

“ಅಡುಗೆಯವರಿಗೆ!” ಅಮ್ಮನ ಕಣ್ಣು ತುಂಬಿತು. “ಹೆತ್ತವಳು ಮೂರನೆಯವಳು. ಒಂದು ವರ್ಷ ಒಳಗೇ ಬೆಂದಿದ್ದೀಯ, ನಾನು ಅಲ್ಲಿ ಗುಂಡಿ ಹೊಲೀತಿದ್ದೆ.” ಅವನ ಕೈಗಳನ್ನು ಹಿಡಿದು ತಾನೇ ಕೆಳಗಿಳಿಸಿದಳು. ಟೇಪನ್ನು ಬೆರಳಿಗೆ ಸುತ್ತುತ್ತಾ ಸುತ್ತುತ್ತಾ ಕೂತಳು. ಆಮೇಲೆ ಚೀಲ ತಡಕಿ ಮನೆಯ ಬೀಗದ ಕೈ ಕೊಟ್ಟಳು.

“ನೀನು ಮುಂದೆ ಹೋಗು. ನಿನ್ನ ಪಕ್ಕ ಬಸ್ಸಲ್ಲಿ ಕೂರೋ ಶಕ್ತಿ ಇವತ್ತು ನನಗಿಲ್ಲ. ಸ್ವಲ್ಪ ಹೊತ್ತು ದೇವರ ಮುಂದೆ ಕೂತಿರ್ತೀನಿ. ಅವನ ಹತ್ರ ಕೇಳೋದಿದೆ. ಒಲೆ ಮೇಲೆ ಹಾಲಿದೆ, ಬೆಕ್ಕು ಬಾಯಿ ಹಾಕೋ ಮುಂಚೆ ಮುಚ್ಚಿಡು.”

ಪ್ರಾರ್ಥನಾಲಯದ ಬಾಗಿಲು ತೆರೆದೇ ಇತ್ತು. ಅಮ್ಮ ಹಿಂದಿನ ಬೆಂಚಿನಲ್ಲಿ ಕೂತಳು. ಮಂಡಿಯೂರಲಿಲ್ಲ.

ಅವನು ಪೆಟ್ಟಿಗೆ ಹಿಡಿದು, ಹಾಡುಹಗಲಲ್ಲಿ, ಎದುರಿನ ಬಾಗಿಲಿನಿಂದಲೇ ಇಳಿದ. ಮೈದಾನದಲ್ಲಿ ಜೊತೆಗಾರರು ಚೆಂಡಾಡುತ್ತಿದ್ದರು.

“ಎಲ್ಲಿಗೋ ಪುರಾಣಿಕ?” ಎಂದು ಒಬ್ಬ ಕೂಗಿದ.

“ಮನೆಗೆ.”

“ಯಾವಾಗ ಬರ್ತೀಯ?”

“ಬರಲ್ಲ ಕಣೋ.”

ಆ ಮಾತನ್ನು ಆ ಮೈದಾನದಲ್ಲಿ ನೂರು ವರ್ಷದಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಉರುಳಿ ಹೋದ ಚೆಂಡನ್ನು ಯಾರೂ ಎತ್ತಲಿಲ್ಲ. ಕೂಗಿದವನೇ ಬಂದು ಪೆಟ್ಟಿಗೆ ಇಸಿದುಕೊಂಡ; ಗೇಟಿನ ತನಕ ಇಬ್ಬರೂ ಜೊತೆಗೆ ನಡೆದರು. ಗೇಟಿನಲ್ಲಿ ಪುರಾಣಿಕ ತಿರುಗಿ ನೋಡಿದ. ತೆರೆದ ಬಾಗಿಲಿನ ಒಳಗೆ, ಹಿಂದಿನ ಬೆಂಚಿನಲ್ಲಿ, ಅಮ್ಮ ಇನ್ನೂ ಎದ್ದಿರಲಿಲ್ಲ.