ಗುಂಡಿಯ ಮೊದಲ ಗುಟುಕು

ಚಿಕ್ಕ ಮಗುವಿರುವ ಮನೆಯಲ್ಲಿ ನೆಲ ಒಣಗಿದ್ದನ್ನು ಯಾರಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಕೈಗೆ ಲೋಟ ಕೊಟ್ಟರೆ ಅರ್ಧ ಎದೆಯ ಮೇಲೆ, ಅರ್ಧ ಚಾಪೆಯ ಮೇಲೆ. ಬೇರೆ ಮನೆಗಳಲ್ಲಿ ಒರೆಸಿ ಸುಮ್ಮನಾಗಬಹುದು. ನಾನು ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ಆಗುವ ಮಾತಲ್ಲ. ಅದು ಟೈಲರ್ ಮನೆ. ಮುಂದಿನ ಕೋಣೆಯೇ ಅಂಗಡಿ. ಶಾಲೆ ಮಕ್ಕಳ ಬಿಳಿ ಅಂಗಿಗಳ ರಾಶಿ ಕಿಟಕಿಯ ಎತ್ತರಕ್ಕೆ ಬೆಳೆದಿರುತ್ತದೆ.

ಬಟ್ಟೆ ಕತ್ತರಿಸುವವರು ಮಾಸ್ತರು, ಮನೆಯ ಹಿರಿಯರು. ಹೊಲಿಯುವವಳು ಅವರ ಸೊಸೆ. ಕಾಜಾ ಮಾಡಿ ಗುಂಡಿ ಹಚ್ಚುವುದು ನನ್ನ ಪಾಲು. ಮಾಸ್ತರ ಮಗ ಬೆಳಗಾದರೆ ಗಿರಣಿಗೆ ಹೋಗಿಬಿಡುತ್ತಾನೆ. ಇನ್ನು ನಮ್ಮೆಲ್ಲರ ಮೇಲೂ ಅಧಿಕಾರ ನಡೆಸುವವಳು ಮಾಸ್ತರ ಮೊಮ್ಮಗಳು. ಆಗಷ್ಟೇ ವರ್ಷ ತುಂಬಿತ್ತು. ದುಂಡು ಮುಖ ನೋಡಿ ನಾವು ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದೆವು.

ವರ್ಷ ತುಂಬಿದ ಮೇಲೆ ಹಾಲಿನ ಬಾಟಲಿ ಬಿಡಿಸಿ, ಲೋಟದಲ್ಲಿ ಕುಡಿಯುವುದನ್ನು ಕಲಿಸಿ ಎಂದು ಲಸಿಕೆ ಹಾಕಿಸುವಾಗಲೇ ಆರೋಗ್ಯ ಕೇಂದ್ರದ ನರ್ಸಕ್ಕ ಹೇಳಿದ್ದಳು. ಹಾಗಾಗಿ ಮಾಸ್ತರು ಸಿಪ್ಪರ್, ಅಂದರೆ ಮುಚ್ಚಳಕ್ಕೆ ಮೂತಿಯಿರುವ ಮಕ್ಕಳ ಲೋಟ, ತರಲು ತಾವೇ ಹೊರಟರು. ಅವರು ಸುಮ್ಮನೆ ಏನನ್ನೂ ಕೊಳ್ಳುವವರಲ್ಲ. ಅಂಗಡಿಯವನಿಂದ ನೀರು ತುಂಬಿಸಿಕೊಂಡು, ತಮ್ಮ ಬಿಳಿ ಕರವಸ್ತ್ರವನ್ನು ಮೇಜಿನ ಮೇಲೆ ಹಾಸಿ, ಒಂದೊಂದೇ ಲೋಟವನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿದರಂತೆ. ಯಾವುದು ಒಂದು ಹನಿಯನ್ನೂ ಬಿಡಲಿಲ್ಲವೋ ಅದನ್ನು ಅಳೆದೂ ಸುರಿದೂ ತಂದರು. ಮನೆಗೆ ಬಂದು ಹೊಸ ಅಂಗಿಯೊಂದರ ಮೇಲೂ ಅದೇ ಪರೀಕ್ಷೆ ನಡೆಯಿತು. ಅಂಗಿಗೆ ಒಂದು ಹನಿಯೂ ತಾಗಲಿಲ್ಲ. ನಾನೂ ಮೂಗಿನ ಮೇಲೆ ಬೆರಳಿಟ್ಟೆ.

ಆದರೆ ಗುಂಡಿ ಅದರಲ್ಲಿ ಕುಡಿಯಲೇ ಇಲ್ಲ. ಹಿಡಿಯುತ್ತಿದ್ದಳು, ಬಾಯಿಗೆ ಇಡುತ್ತಿದ್ದಳು, ಕೆನ್ನೆ ಕೆಂಪಾಗುವ ತನಕ ಹೀರುತ್ತಿದ್ದಳು, ಕಡೆಗೆ ಎಸೆಯುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ತಾಯಿ ಮಿಷನ್ ಬಿಟ್ಟು ಎದ್ದು ಚಮಚದಲ್ಲಿ ಕುಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಿಸಿಲಿನ ದಿನಗಳು, ಮೇಲೆ ತಗಡಿನ ಮಾಡು. ಮಗುವಿನ ತುಟಿ ಒಡೆಯಿತು. ಕಕ್ಕ ಗಟ್ಟಿಯಾಗಿ, ಕೂತಾಗಲೆಲ್ಲ ಅಳತೊಡಗಿತು.

ಮಾಸ್ತರು ಇದಕ್ಕೂ ಒಂದು ಗಾದೆ ಇಟ್ಟುಕೊಂಡಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೇ ಇವಳೂ ಲೋಟ ಎಸೆಯುತ್ತಾಳೆ ಎಂದು ನಗುತ್ತಿದ್ದರು. ತಮ್ಮ ಮಗ ಈ ವಯಸ್ಸಿಗೆ ದೊಡ್ಡ ಲೋಟ ಎತ್ತಿ ಕುಡಿಯುತ್ತಿದ್ದ, ಇವಳು ಸ್ವಲ್ಪ ಮಂದ ಇರಬೇಕು ಎಂದೂ ಒಂದು ದಿನ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಕತ್ತರಿ ಆಡಿಸುತ್ತಾ ಅಂದ ಮಾತು. ಆದರೆ ಸೊಸೆಯ ಮಿಷನ್ ಅಲ್ಲಿಗೇ ನಿಂತಿತು.

ಅಂದಿನಿಂದ ಅವಳು ಮಗಳನ್ನು ನೋಡುವ ರೀತಿಯೇ ಬದಲಾಯಿತು. ಕರೆದರೆ ತಿರುಗುತ್ತಾಳೋ ಇಲ್ಲವೋ, ದಾರದ ಉಂಡೆ ಹಿಡಿಯುತ್ತಾಳೋ ಇಲ್ಲವೋ ಎಂದು ಕದ್ದು ಕದ್ದು ಪರೀಕ್ಷಿಸುತ್ತಿದ್ದಳು. ಒಂದು ಮಧ್ಯಾಹ್ನ ಮಾಸ್ತರು ಹೊರಗೆ ಹೋದಾಗ ನನ್ನ ಪಕ್ಕ ಬಂದು ಕೂತಳು.

"ಅಕ್ಕಾ, ನನ್ನ ಮಗಳಲ್ಲಿ ಏನಾದ್ರೂ ಕಡಿಮೆ ಇದೆಯಾ? ಒಂದು ಗುಟುಕು ನೀರು ಕುಡಿಯೋಕೂ ಬರಲ್ವಲ್ಲ."

ನಾನು ಸೂಜಿ ಬದಿಗಿಟ್ಟು ಅವಳ ಬೆನ್ನು ಸವರಿದೆ.

ಆ ವಾರವೇ ನರ್ಸಕ್ಕ ತನ್ನ ಸಮವಸ್ತ್ರದ ಅಳತೆ ಕೊಡಲು ಬಂದಳು. ಗುಂಡಿ ಮೂಲೆಯಲ್ಲಿ ಕೂತು ಲೋಟದೊಂದಿಗೆ ಗುದ್ದಾಡುತ್ತಿದ್ದಳು. ನರ್ಸಕ್ಕ ಅಳತೆ ಮರೆತು ಅದನ್ನೇ ನೋಡಿದಳು. ಮಗು ಹಟಮಾರಿ, ಲೋಟ ಮಾತ್ರ ಅಪ್ಪಟ ಎಂದು ಮಾಸ್ತರು ವಿವರಿಸಿದರು. ತಲೆಕೆಳಗೆ ಹಿಡಿದೂ ತೋರಿಸಿದರು. ಅವಳು ಲೋಟದ ಮೂತಿಯನ್ನು ತೊಳೆದು ಅವರ ಕೈಗೇ ಕೊಟ್ಟಳು.

"ಮಾಸ್ತರೇ, ನೀವೊಮ್ಮೆ ಹೀರಿ ನೋಡಿ."

ಮಾಸ್ತರು ನಕ್ಕು ಬಾಯಿಗಿಟ್ಟರು. ಹೀರಿದರು. ನಗು ಹೋಯಿತು. ಇನ್ನೊಮ್ಮೆ ಜೋರಾಗಿ ಹೀರಿದರು. ಕೆನ್ನೆ ಒಳಗೆ ಹೋಯಿತು, ಕತ್ತಿನ ನರಗಳು ಎದ್ದವು, ಕಿವಿ ಕೆಂಪಾಯಿತು. ಬಂದದ್ದು ನಾಲಿಗೆ ನೆನೆಯುವಷ್ಟು ನೀರು. ಆಮೇಲೆ ನರ್ಸಕ್ಕ ಅದನ್ನು ತೊಳೆದು ಸೊಸೆಗೆ ಕೊಟ್ಟಳು, ನನಗೂ ಕೊಟ್ಟಳು. ನನ್ನ ದವಡೆ ನೋಯಿತು.

ನರ್ಸಕ್ಕ ಮುಚ್ಚಳ ತಿರುಗಿಸಿ ಒಳಗಿನಿಂದ ಒಂದು ರಬ್ಬರ್ ಬಿಲ್ಲೆ ಕಿತ್ತಳು. ನೀರು ಚೆಲ್ಲದಂತೆ ತಡೆಯುವುದು ಇದೇ, ಬಲವಾಗಿ ಎಳೆದರೆ ಮಾತ್ರ ದಾರಿ ಬಿಡುತ್ತದೆ ಎಂದಳು. ಅಂಥದ್ದೊಂದು ಒಳಗಿದೆ ಎಂದೇ ನಮಗೆ ಗೊತ್ತಿರಲಿಲ್ಲ, ಹಾಗಾಗಿ ಅದನ್ನು ಒಮ್ಮೆಯೂ ತೊಳೆದಿರಲಿಲ್ಲ. ಅದರ ಹಿಂದೆ ಕಪ್ಪಗೆ ಲೋಳೆ ಕಟ್ಟಿತ್ತು.

ನಾನು ಗುಂಡಿಯ ಮುಖ ನೋಡಿದೆ. ದೊಡ್ಡವರಾದ ನಾವು ಎರಡು ಸಲ ಹೀರಿ ಸೋತಿದ್ದೆವು. ಈ ಕೂಸು ದಿನವೂ ಅದನ್ನು ಎತ್ತಿಕೊಂಡು, ಬಾಯಿಗಿಟ್ಟು, ಬರುತ್ತದೆ ಎಂದು ನಂಬಿ ಹೀರಿತ್ತು. ಎಸೆದ ಮೇಲೂ ಮತ್ತೆ ತೆವಳಿ ಹೋಗಿ ಎತ್ತಿಕೊಂಡಿತ್ತು. ಇದನ್ನೇ ನಾವು ಮಂದ ಅಂದಿದ್ದೆವು. ಅಷ್ಟು ಚಿಕ್ಕ ದೇಹದಲ್ಲಿ ಅಷ್ಟು ದೊಡ್ಡ ಛಲ ಎಲ್ಲಿತ್ತೋ ಎಂದು ನನಗೆ ಮೈ ಜುಮ್ಮೆಂದಿತು.

"ನೆಲವೇ ಡೊಂಕಿತ್ತು," ಅಂದರು ಮಾಸ್ತರು, ಮೆಲ್ಲಗೆ.

ಎಂಥ ಲೋಟ ತರಬೇಕು ಎಂದು ಸೊಸೆ ಕೇಳಿದಳು. ಒಳಗೆ ತಡೆ ಇರಬಾರದು, ಬಗ್ಗಿಸಿದರೆ ನೀರು ತಾನಾಗಿ ನಿಧಾನ ಬರಬೇಕು ಎಂದಳು ನರ್ಸಕ್ಕ. ಹಗುರ ಇರಬೇಕು, ಎರಡು ಕಡೆ ಹಿಡಿ ಇರಬೇಕು, ಆ ಹಿಡಿ ಮಗುವಿನ ಮುಷ್ಟಿಗೆ ಹೊಂದಬೇಕು. ಬಿಡಿಭಾಗ ಕಡಿಮೆಯಿದ್ದಷ್ಟೂ ಒಳ್ಳೆಯದು, ಇದ್ದವೆಲ್ಲ ಬಿಚ್ಚಿ ತೊಳೆಯುವಂತಿರಬೇಕು. ಹಳೆಯ ಲೋಟದ ಬಿಲ್ಲೆ ತೆಗೆದೇ ಬಳಸಬಹುದಲ್ಲ ಎಂದು ನಾನು ಕೇಳಿದೆ. ಅವಳು ಬಗ್ಗಿಸಿ ತೋರಿಸಿದಳು. ನೀರು ಭರ್ರನೆ ಸುರಿಯಿತು, ಮಗುವಿಗೆ ನೆತ್ತಿಗೇರುವ ಹಾಗೆ.

ಮಾಸ್ತರಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. "ತಡೆ ಇಲ್ಲ ಅಂದ್ರೆ ಚೆಲ್ಲುತ್ತಲ್ಲಮ್ಮ."

"ಚೆಲ್ಲುತ್ತೆ. ಎರಡು ಗುಟುಕಿನಷ್ಟೇ ಹಾಕಿ. ಚೆಲ್ಲದೆ ಕುಡಿಯೋಕೆ ಕಲಿತ ಮಗು ಎಲ್ಲಿದೆ, ಮಾಸ್ತರೇ?"

ಸಂಜೆಯೇ ಸೊಸೆಯೂ ನಾನೂ ಅಂಗಡಿಗೆ ಹೋದೆವು. ಅವಳು ಪ್ರತಿ ಲೋಟದ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿದಳು. ಚಿತ್ರ, ಬಣ್ಣ ಯಾವುದನ್ನೂ ಕೇಳಲಿಲ್ಲ. ಒಳಗೆ ತಡೆಯಿಲ್ಲದ್ದನ್ನು ಕೊಂಡು, ಮನೆಗೆ ಬಂದು ಬಿಸಿನೀರಲ್ಲಿ ತೊಳೆದು, ಅಂಗಿಗಳ ರಾಶಿಯನ್ನು ಮೇಜಿನ ಮೇಲಕ್ಕೆ ಸಾಗಿಸಿ, ಹಿತ್ತಲ ಬಾಗಿಲ ಹತ್ತಿರ ಚಾಪೆ ಹಾಸಿ ಮಗಳನ್ನು ನೆಟ್ಟಗೆ ಕೂರಿಸಿದಳು. ತಳದಲ್ಲಿ ಸ್ವಲ್ಪ ನೀರು ಹಾಕಿ ಮುಂದಿಟ್ಟಳು. ಯಾರೂ ಒತ್ತಾಯ ಮಾಡಲಿಲ್ಲ.

ಗುಂಡಿ ಎರಡೂ ಹಿಡಿಗಳನ್ನು ಹಿಡಿದಳು. ಬಗ್ಗಿಸಿ, ಹಳೆಯ ರೂಢಿಯಂತೆ ಇದ್ದ ಬಲವನ್ನೆಲ್ಲ ಹಾಕಿ ಹೀರಿದಳು. ನೀರು ಥಟ್ಟನೆ ಬಾಯಿಗೆ ಬಂತು. ಅರ್ಧ ಗಲ್ಲದ ಮೇಲೆ ಇಳಿಯಿತು. ಅವಳು ಬೆಚ್ಚಿ ಲೋಟ ಇಳಿಸಿ, ಅದರ ಮೂತಿಯನ್ನು ದಿಟ್ಟಿಸಿ, ಆಮೇಲೆ ನಮ್ಮೆಲ್ಲರ ಮುಖ ನೋಡಿದಳು. ಮತ್ತೆ ಎತ್ತಿದಳು. ಈ ಸಲ ಮೆಲ್ಲಗೆ. ಪುಟ್ಟ ಗಂಟಲು ಒಮ್ಮೆ ಏರಿ ಇಳಿಯಿತು. ಗುಟುಕ್ ಎಂದು ಸದ್ದಾಯಿತು.

ನಾನು ಎಷ್ಟೋ ವರ್ಷಗಳಿಂದ ಕೈಕೆಲಸ ಮಾಡಿ ಬದುಕುವವಳು. ಒಂದು ಕೈಕೆಲಸ ಕಲಿಯಲು ಎಷ್ಟು ಕಾಲ ಬೇಕು ಎಂದು ಬಲ್ಲೆ. ಆದರೆ ತುಟಿ ಮುಚ್ಚಬೇಕು, ನಾಲಿಗೆ ಹಿಂದೆ ಸರಿಯಬೇಕು, ಉಸಿರು ಒಂದು ಕ್ಷಣ ನಿಲ್ಲಬೇಕು, ಮಣಿಕಟ್ಟು ಬೇಕಾದಷ್ಟೇ ಬಾಗಬೇಕು, ಇಷ್ಟೂ ಒಟ್ಟಿಗೆ ಆಗಬೇಕು. ಎರಡನೆಯ ಗುಟುಕಿಗೇ ಅವಳು ಇದನ್ನೆಲ್ಲ ಮಾಡಿದಳು. ಅವಳಿಗೆ ಯಾರು ಹೇಳಿಕೊಟ್ಟರು? ದಿನಕ್ಕೆ ಎಷ್ಟು ಸಲ ನೀರು ಕುಡಿಯುತ್ತೇವೆ, ಕುಡಿಯುವುದು ಇಷ್ಟು ದೊಡ್ಡ ವಿದ್ಯೆ ಎಂದು ಆ ದಿನದ ತನಕ ನನಗೆ ತಿಳಿದಿರಲಿಲ್ಲ. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಗುಂಡಿ ಖಾಲಿ ಲೋಟವನ್ನು ಅಮ್ಮನ ಕಡೆ ಚಾಚಿದಳು.

"ಇನ್ನೂ ಬೇಕಂತೆ, ಮಾವ," ಎಂದಳು ಸೊಸೆ. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ನೀರು ಹಾಕಲು ಮಾಸ್ತರೇ ಎದ್ದರು.

ಸ್ವಲ್ಪ ದಿನಗಳಲ್ಲಿ ತುಟಿ ವಾಸಿಯಾಯಿತು, ಕಕ್ಕಕ್ಕೆ ಕೂತಾಗಿನ ಅಳುವೂ ನಿಂತಿತು. ಲೋಟ ಕಚ್ಚಿಕೊಂಡು ಮಲಗಲು ಬಿಡಬೇಡಿ, ನೀರು ಮತ್ತು ಹಾಲು ಬಿಟ್ಟು ಸಿಹಿ ಪಾನೀಯ ಹಾಕಬೇಡಿ, ಹಲ್ಲು ಹಾಳಾಗುತ್ತದೆ ಎಂದು ನರ್ಸಕ್ಕ ಆಮೇಲೆ ಎಚ್ಚರಿಸಿದಳು. ಕೈ ಕುದುರಿದ ಹಾಗೆ ಮುಚ್ಚಳವಿಲ್ಲದ ಪುಟ್ಟ ಲೋಟಕ್ಕೆ ದಾಟಿಸಬೇಕಂತೆ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ತಾತ ಅಜ್ಜಿಯರೇ, ನಿಮ್ಮ ಮನೆಯ ಮಗು ಸಿಪ್ಪರ್ ಎಸೆಯುತ್ತಿದೆಯೇ? ಮುಚ್ಚಳ ಬಿಚ್ಚಿ ಒಳಗೆ ಏನಿದೆ ನೋಡಿ. ತೊಳೆದು ನೀವೇ ಒಂದು ಗುಟುಕು ಹೀರಿ. ನಿಮಗೆ ಸುಲಭವಾಗದ್ದು ಅದಕ್ಕೂ ಸುಲಭವಲ್ಲ. ಸುಲಭದ ಲೋಟ ಕೊಟ್ಟ ಮೇಲೂ ಕುಡಿಯದಿದ್ದರೆ, ಕುಡಿಯುವಾಗ ಪದೇ ಪದೇ ಕೆಮ್ಮಿದರೆ, ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅದಕ್ಕೂ ಮೊದಲೇ ಮಗುವಿಗೆ ಬರುವುದಿಲ್ಲ ಎಂದು ಯಾರೂ ತೀರ್ಪು ಕೊಡಬೇಡಿ. ಅದರ ಮೇಲಿನ ದೂರನ್ನು ಅದು ಬಾಯಿಬಿಟ್ಟು ಅಲ್ಲಗಳೆಯಲಾರದು.