ಕೂಗುವ ಕೆಲಸ

ನೀರು ಬೀಳುವ ಸದ್ದು ನಿಂತಿತೇ, ಇಲ್ಲ, ಸಣ್ಣಗಾಯಿತು ಅಷ್ಟೇ, ನಲ್ಲಿ ತಿರುಗಿಸಿಕೊಂಡಿರಬೇಕು, ಬಿಸಿ ಹೆಚ್ಚಾಯಿತೋ ಏನೋ, ಬಾಗಿಲ ಕೆಳಗಿನ ಸಂದಿಯಿಂದ ಹಬೆ ಬಂದು ನನ್ನ ಪಾದಕ್ಕೆ ತಾಗುತ್ತಿದೆ, ಜೊತೆಗೆ ಸೋಪಿನ ವಾಸನೆ, ಊಟದ ಮೇಜಿನ ಕುರ್ಚಿಯೊಂದನ್ನು ಬಚ್ಚಲಿನ ಬಾಗಿಲ ಎದುರಿಗೆ ಎಳೆದುಕೊಂಡು ಕೂತಿದ್ದೇನೆ, ಚಿಲಕ ಹಾಕಬೇಡ ಅಂದಿದ್ದೆ, ಹಾಕಿಲ್ಲ — ಇದ್ದೀಯೇನೋ, ಅಂತ ಕೂಗುತ್ತೇನೆ, ಇದ್ದೀನಿ, ಅನ್ನುತ್ತಾನೆ ಒಳಗಿನಿಂದ, ಸ್ವಲ್ಪ ತಡವಾಗಿ, ಈಗ ಅವನದೆಲ್ಲ ಸ್ವಲ್ಪ ತಡ, ಮಾತು ಬಾಯಿಯ ತನಕ ಬಂದು ಅಲ್ಲಿ ಚಪ್ಪಲಿ ಹುಡುಕುತ್ತ ನಿಲ್ಲುತ್ತದೆ. ಎರಡೆರಡು ನಿಮಿಷಕ್ಕೆ ಒಂದ್ಸಲ ಕೂಗ್ತಾ ಇರಿ ಅಣ್ಣ, ಹೋದ ತಿಂಗಳು ಜಾರಿ ಬಿದ್ದಿದ್ರಲ್ಲ, ಅಂತ ಅವನ ಹೆಂಡತಿ ಹೊರಡುವಾಗ ಹೇಳಿದಳು, ಇವತ್ತು ಅವಳಿಗೆ ಕಾರು ಓಡಿಸುವ ಪರೀಕ್ಷೆ, ನಾಲ್ಕು ವರ್ಷದಿಂದ ಧೂಳು ತಿನ್ನುತ್ತ ನಿಂತ ಕಾರು, ಇವರಂತೂ ಇನ್ನು ಓಡಿಸಲ್ಲ, ನಾನಾದ್ರೂ ಕಲೀತೀನಿ ಅಂತ ಹಟ ಹಿಡಿದು ಕಲಿತಳು, ನನ್ನ ವಾರದ ರಜೆಯ ದಿನವೇ ಅವಳ ಕಲಿಕೆಯ ದಿನ, ನಾನು ಬಂದು ಇವನ ಜೊತೆ ಕೂರುವುದು, ಅವಳು ಹೋಗುವುದು. ಎರಡು ನಿಮಿಷ ಅಂತ ಅವಳು ಬಾಯಿಗೆ ಬಂದ ಲೆಕ್ಕ ಹೇಳಿದಳು, ಅಷ್ಟೇ, ಅದರಲ್ಲಿ ಏನೂ ಇರಲಿಲ್ಲ, ನಾನೇ ತಟ್ಟನೆ ಅವಳ ಕಡೆ ತಿರುಗಿದೆ, ಯಾಕೆಂದರೆ ವಿಮಾನದ ಹ್ಯಾಂಗರಿನಲ್ಲಿ ನಮ್ಮ ನಿಯಮವೂ ಅದೇ, ಒಬ್ಬ ಟ್ಯಾಂಕಿನೊಳಗೆ ಹೋದರೆ ಇನ್ನೊಬ್ಬ ಹೊರಗೆ ಕೂರಬೇಕು, ಎರಡು ನಿಮಿಷಕ್ಕೊಮ್ಮೆ ಕೂಗಬೇಕು, ಉತ್ತರ ಕೇಳಬೇಕು, ಹಾಳೆಯಲ್ಲಿ ಟಿಕ್ಕು ಹಾಕಬೇಕು. ಬೇರೇನೂ ಮಾಡಬಾರದು. ಕೂಗುವುದೇ ಕೆಲಸ.

ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಹ್ಯಾಂಗರಿನಲ್ಲಿ ವಿಮಾನ ರಿಪೇರಿಯ ಎಂಜಿನಿಯರುಗಳು, ನಾನು ದಪ್ಪ, ಅವನು ಕಡ್ಡಿ, ರೆಕ್ಕೆಯ ಇಂಧನ ಟ್ಯಾಂಕಿಗೆ ಕೆಳಗಿನಿಂದ ಒಂದು ಮೊಟ್ಟೆಯಾಕಾರದ ಕಿಂಡಿ ಇರುತ್ತದೆ, ಭುಜ ಓರೆ ಮಾಡಿಕೊಂಡು ಒಂದು ಕೈ ಮೊದಲು ತೂರಿಸಿ ಆಮೇಲೆ ತಲೆ, ಅವನು ಹಾಗೆ ಹೋಗಿ ಒಳಗೆ ತಲೆಕೆಳಗಾಗಿ ಬೇಕಾದರೂ ಗಂಟೆಗಟ್ಟಲೆ ಕೆಲಸ ಮಾಡುತ್ತಿದ್ದ, ಅದಕ್ಕೇ ಬಾವಲಿ ಅಂತ ಹೆಸರಿಟ್ಟಿದ್ದೆವು, ಅವನ ಮದುವೆಯ ದಿನ ಹುಡುಗಿಯ ಕಡೆಯವರ ಮುಂದೆ ಯಾರೋ ಲೋ ಬಾವಲಿ ಅಂತ ಕೂಗಿದಾಗ ಅವಳ ಅಪ್ಪನ ಮುಖ ನೋಡಬೇಕಿತ್ತು. ಕಿಂಡಿಯ ಹೊರಗೆ ನನ್ನ ಸ್ಟೂಲು, ಮೂರು ಕಾಲಿನದು, ನನ್ನ ಮೈಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ, ಅದನ್ನು ಹಾಕಿಕೊಂಡವನನ್ನು ಯಾರೂ ಮಾತಾಡಿಸಬಾರದು, ಕರೆಯಬಾರದು, ಅವನು ಎದ್ದು ಹೋಗಬೇಕೆಂದರೆ ಇನ್ನೊಬ್ಬ ಬಂದು ಅದೇ ಅಂಗಿ ತೊಟ್ಟು ಕೂತ ಮೇಲೆಯೇ. ಇದ್ದೀಯೇನೋ, ಅಂತ ನಾನು, ಇಲ್ಲ ಕಣೋ, ಹೊರಗೆ ಹೋಗಿದೀನಿ, ಸಾಯಂಕಾಲ ಬಾ, ಅಂತ ಅವನು, ರೆಕ್ಕೆಯೊಳಗಿನಿಂದ ಆ ದನಿ ಹಂಡೆಯೊಳಗಿಂದ ಬಂದ ಹಾಗೆ, ಇನ್ನೊಮ್ಮೆ ಕೂಗಿದರೆ, ಯಾರು ಬೇಕಾಗಿತ್ತು, ಅಂತ ಹೆಂಗಸಿನ ದನಿ ಮಾಡಿ, ನಾನೂ ಕಮ್ಮಿಯಿಲ್ಲ, ಒಮ್ಮೊಮ್ಮೆ ಅವನು ಒಳಗಿನಿಂದ ಕೂಗಿದರೆ ಬೇಕೆಂದೇ ಸುಮ್ಮನಿರುತ್ತಿದ್ದೆ, ಲೋ, ಲೋ ದಡಿಯ, ಸತ್ತೋದ್ಯೇನೋ, ಅಂತ ಅವನು ಮೂರು ಸಲ ಬಯ್ಯುವ ತನಕ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ, ಹಾಗೆಲ್ಲ ಆಡಬಾರದಿತ್ತು, ಆಟ ಆಡುವ ಜಾಗವಲ್ಲ ಅದು, ಇದ್ದೀಯಾ, ಇದ್ದೀನಿ, ಅಷ್ಟರಲ್ಲೇ ಇರಬೇಕಿತ್ತು.

— ಇದ್ದೀಯೇನೋ? — ಇದ್ದೀನಿ, ತಲೆಗೆ ಸೋಪು ಹಾಕ್ಕೋತಿದೀನಿ, ಅನ್ನುತ್ತಾನೆ, ಒಳ್ಳೆಯದು, ಉದ್ದ ಮಾತು ಬಂದರೆ ಅವತ್ತು ಒಳ್ಳೆಯ ದಿನ ಅಂತ ಅವನ ಹೆಂಡತಿ ಹೇಳುತ್ತಾಳೆ, ಬೆಳಗ್ಗೆ ಏನು ತಿಂದ ಅಂತ ನೆನಪಿರುವುದಿಲ್ಲ, ಎಡಗಾಲು ಎಳೆಯುತ್ತದೆ, ಆದರೆ ಇಪ್ಪತ್ತೈದು ವರ್ಷ ಹಿಂದಿನ ವಿಮಾನದ ಚಕ್ರಕ್ಕೆ ಎಷ್ಟು ಬೋಲ್ಟು ಅಂತ ಕೇಳಿದರೆ ಹೇಳಿಬಿಡುತ್ತಾನೆ. ಉಸಿರುಗಟ್ಟಿ ಅವನು ಹೀಗಾದ ಆ ದಿನ ಮಾತ್ರ ನೆನಪಿನಿಂದ ಪೂರ್ತಿ ಅಳಿಸಿಹೋಗಿದೆ, ಅಂದಿದ್ದರು ಡಾಕ್ಟರು, ಅವರಿಗೆ ಏನೂ ಗೊತ್ತಾಗಿರಲ್ಲ, ನಿದ್ದೆ ಬಂದ ಹಾಗೆ ಆಗಿರುತ್ತೆ ಅಷ್ಟೇ, ಆ ಮಾತನ್ನು ನಾನು ನಾಲ್ಕು ವರ್ಷ ದಿಂಬಿನ ಹಾಗೆ ಇಟ್ಟುಕೊಂಡು ಮಲಗಿದ್ದೇನೆ. ಮಧ್ಯಾಹ್ನ ಅದು, ಮೂರು ಗಂಟೆ, ಹ್ಯಾಂಗರಿನ ದೊಡ್ಡ ಬಾಗಿಲು ಪೂರಾ ತೆರೆದು ನೆಲದ ಮೇಲೆ ಬಿಸಿಲು ಬಿದ್ದಿತ್ತು, ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆವು, ಟ್ಯಾಂಕು ಬರಿದು ಮಾಡಿ, ಒಂದಿಡೀ ಪಾಳಿ ಬ್ಲೋವರಿನಿಂದ ಗಾಳಿ ಊದಿಸಿ, ಮೀಟರಿನಲ್ಲಿ ಒಳಗಿನ ಗಾಳಿ ಪರೀಕ್ಷಿಸಿ, ಜೇಬಿನಲ್ಲಿ ಫೋನಿಲ್ಲ, ಬೆಲ್ಟಿಲ್ಲ, ಲೋಹದ ಗುಂಡಿ ಇಲ್ಲ, ಮುಖಕ್ಕೆ ಮಾಸ್ಕು, ಕೈಯಲ್ಲಿ ಕಿಡಿ ಹಾರಿಸದ ಟಾರ್ಚು, ಹಳೆಯ ಅಂಟು ಕೆರೆದು ದ್ರಾವಕದಲ್ಲಿ ಒರೆಸುವುದಷ್ಟೇ ಕೆಲಸ, ದ್ರಾವಕದ ಆವಿ ಕೆಟ್ಟದ್ದು, ಗಾಳಿಯಾಡದಿದ್ದರೆ ಮಾಸ್ಕೂ ತಡೆಯುವುದಿಲ್ಲ, ಆದರೆ ಬ್ಲೋವರು ಗುಂಯ್ ಅನ್ನುತ್ತಿರುವ ತನಕ ಭಯವಿಲ್ಲ. ಆ ಗುಂಯ್ ಕೇಳಿಸಿಕೊಳ್ಳುವುದೂ ನನ್ನದೇ ಕೆಲಸ. ಹ್ಯಾಂಗರಿನ ಆ ಕೊನೆಯಲ್ಲಿ ಉಗ್ರಾಣದ ಮುದುಕರ ಬೀಳ್ಕೊಡುಗೆ, ಮೂವತ್ತೈದು ವರ್ಷ ನಮಗೆಲ್ಲ ನಟ್ಟು ಬೋಲ್ಟು ಎಣಿಸಿ ಕೊಟ್ಟವರು, ಕೇಕು, ಹೂವಿನ ಗುಚ್ಛ, ಒಂದು ಮೈಕು, ಮೇಲ್ವಿಚಾರಕರು ದೂರದಿಂದಲೇ ಕೈ ಬೀಸಿದರು, ಬಾರಯ್ಯ, ಒಂದು ಫೋಟೋ, ಮುದುಕರು ನಿನ್ನ ಕೇಳ್ತಿದಾರೆ, ನಾನು ಅಂಗಿ ಹಿಡಿದು ತೋರಿಸಿದೆ, ತೋರಿಸಿದೆನೇ, ಹೌದು, ತೋರಿಸಿದೆ, ಅಯ್ಯೋ ಎರಡು ನಿಮಿಷ ಬಾರಪ್ಪ, ಅವನೇನು ಓಡಿಹೋಗ್ತಾನಾ, ಅಂದರು ಅವರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಲೋ, ಈಗ ಬಂದೆ, ಅಂತ ಕಿಂಡಿಯ ಕಡೆ ಅಂದೆ, ಅವನಿಗೆ ಕೇಳಿಸಿತೋ ಇಲ್ಲವೋ, ಉತ್ತರಕ್ಕೆ ನಿಲ್ಲಲಿಲ್ಲ. ಹೊರಗೆ ಬಾ ಅಂತ ಒಂದು ಮಾತು ಅನ್ನಬಹುದಿತ್ತು. ಅವನಿಗೂ ಕೇಕು ಅಂದರೆ ಪ್ರಾಣ.

ಹೋದವನಿಗೆ ಫೋಟೋ ಆಯಿತು, ಕೇಕಿನ ಒಂದು ತುಂಡು ಬಾಯಿಗೆ ತುರುಕಿದರು, ಮುದುಕರು ಮೈಕು ಹಿಡಿದು ಅತ್ತರು, ಅಳುವಾಗ ಹೇಗೆ ಎದ್ದು ಬರುವುದು, ಮತ್ತೆ ಇನ್ನೊಂದು ಫೋಟೋ, ಹಿಂತಿರುಗಿ ಬರುವಾಗ ಸ್ಟೂಲಿಗೆ ಹತ್ತು ಹೆಜ್ಜೆ ಇರುವಾಗ ನನಗೆ ತಿಳಿಯಿತು, ಗುಂಯ್ ಇಲ್ಲ, ಅಷ್ಟು ದೊಡ್ಡ ಜಾಗದಲ್ಲಿ ಆ ಒಂದು ಸದ್ದು ಇಲ್ಲದ್ದು ಕಿವಿಗೆ ಹೊಡೆದ ಹಾಗೆ, ಮೈಕಿಗೆ ಕರೆಂಟು ಬೇಕಿತ್ತಂತೆ, ಯಾರೋ ತಿಳಿಯದೆ ಗೋಡೆಯಿಂದ ಬ್ಲೋವರಿನ ಪ್ಲಗ್ಗು ಕಿತ್ತು ಮೈಕಿನದ್ದು ಚುಚ್ಚಿದ್ದಾರೆ, ನಾನು ಸ್ಟೂಲಿನ ಮೇಲಿದ್ದಿದ್ದರೆ ಅದೇ ಕ್ಷಣ ಲೋ ಯಾರೋ ಅದು ಅಂತ ಕಿರುಚುತ್ತಿದ್ದೆ, ಅಷ್ಟರಲ್ಲೇ ಮುಗಿಯುತ್ತಿತ್ತು. ಇದ್ದೀಯೇನೋ ಅಂದೆ. ಇದ್ದೀಯೇನೋ. ಸೀಟಿ ಊದಿದೆ, ಹೊರಗಿನವನು ಒಳಗೆ ತಲೆ ಹಾಕಬಾರದು ಅಂತ ನಿಯಮ, ಹಾಕಿದೆ, ದಪ್ಪ ಭುಜ ಕಿಂಡಿಗೆ ಸಿಕ್ಕಿಕೊಂಡಿತು, ಒಂದು ಕೈ ಒಳಗೆ ಚಾಚಿ ತಡಕಿದೆ, ತೋಳು ಸಿಕ್ಕಿತು, ಎಳೆದೆ. ಅವನು ಕಿಂಡಿಯ ತನಕ ಬಂದಿದ್ದ. ಕಿಂಡಿಯಿಂದ ಒಂದು ಗೇಣು ಒಳಗೆ. ಆಂಬ್ಯುಲೆನ್ಸು ಹೋದ ಮೇಲೆ ಮೇಲ್ವಿಚಾರಕರು ನನ್ನ ಪಕ್ಕ ಬಂದು ನಿಂತರು, ಕೈಯಲ್ಲಿ ನನ್ನ ಹಾಳೆ, ಕೊನೆಯ ಟಿಕ್ಕು ಮೂರೂ ಹತ್ತಕ್ಕೆ, ಸೀಟಿ ಊದಿದ್ದು ಮೂರೂ ಇಪ್ಪತ್ತೊಂದಕ್ಕೆ, ಅವರು ಪೆನ್ನು ಕೊಟ್ಟರು, ನಿನಗೂ ಮಕ್ಕಳಿದಾರೆ ನನಗೂ ಇದಾರೆ ಅಂದರು, ಐದು ಟಿಕ್ಕು, ಹನ್ನೆರಡು, ಹದಿನಾಲ್ಕು, ಹದಿನಾರು, ಹದಿನೆಂಟು, ಇಪ್ಪತ್ತು, ಒಂದೇ ಉಸಿರಿನಲ್ಲಿ ಹಾಕಿದೆ, ಐದೂ ಒಂದೇ ಅಳತೆಯವು, ಅದೇ ಈಗಲೂ ನನಗೆ ಅರ್ಥವಾಗುವುದಿಲ್ಲ, ಅಷ್ಟು ನೇರವಾಗಿ ಹೇಗೆ ಹಾಕಿದೆ. ಪ್ಲಗ್ಗು ತಾನಾಗಿ ಸಡಿಲವಾಯಿತು ಅಂತ ವರದಿ ಬಂತು, ಕಾವಲಿನವನು ತಕ್ಷಣ ಗಮನಿಸಿ ಪ್ರಾಣ ಉಳಿಸಿದ ಅಂತ ಬಂತು, ನನಗೊಂದು ಪ್ರಶಂಸಾಪತ್ರ, ತರಬೇತಿ ಕೋಣೆಯ ಗೋಡೆಗೆ ನನ್ನ ಫೋಟೋ, ಕಿತ್ತಳೆ ಅಂಗಿಯಲ್ಲಿ, ಕೆಳಗೆ ದಪ್ಪ ಅಕ್ಷರದಲ್ಲಿ ಎಚ್ಚರದ ಕಾವಲು, ಉಳಿದ ಜೀವ. ಎರಡು ಸಲ ಹೊಸಬರ ಮುಂದೆ ನಿಂತು ಆ ದಿನದ ಕಥೆ ಹೇಳಿದ್ದೇನೆ, ಚಪ್ಪಾಳೆ ಹೊಡೆದರು. ಮೂರನೆಯ ಸಲ ಗಂಟಲು ಕಟ್ಟಿದೆ ಅಂದೆ. ಅವನ ಹೆಂಡತಿ ಪ್ರತಿ ವಾರ ಬಾಗಿಲು ತೆಗೆಯುವಾಗ, ನೀವಿಲ್ದಿದ್ರೆ ಇವ್ರು ಇರ್ತಿರಲಿಲ್ಲ ಅಣ್ಣ, ಅನ್ನುತ್ತಿದ್ದಳು ಮೊದಮೊದಲು, ಈಚೆಗೆ ಅನ್ನುವುದಿಲ್ಲ, ಆದರೆ ತಟ್ಟೆಗೆ ಬಡಿಸುವಾಗ ನನಗೇ ಮೊದಲು ಬಡಿಸುತ್ತಾಳೆ, ಆ ಮೊದಲ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿ ಇಡುತ್ತೇನೆ.

ಇವತ್ತು ಬಾಗಿಲಿಗೆ ಹಣೆ ಆನಿಸಿ ಕೂತಿದ್ದೇನೆ, ನೀರು ಜೋರಾಗಿ ಬೀಳುತ್ತಿದೆ, ಕೇಳಿಸುವುದಿಲ್ಲ ಅಂತಲೋ, ಕೇಳಿಸಿದರೂ ಸಂಜೆಗೆ ಮರೆಯುತ್ತಾನೆ ಅಂತಲೋ, ಹೇಡಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು, ಹೇಳಿಬಿಟ್ಟೆ, ಲೋ, ಅವತ್ತು ನಾನು ಸ್ಟೂಲಿನ ಮೇಲೆ ಇರಲಿಲ್ಲ ಕಣೋ, ಫೋಟೋಗೆ ಹೋಗಿದ್ದೆ, ಕೇಕು ತಿಂತಿದ್ದೆ, ಅಂದೆ, ಮರಕ್ಕೆ ಹೇಳಿದ ಹಾಗೆ ಹೇಳಿದೆ, ನೀರು ನಿಂತಿತು. ಈ ಸಲ ನಿಜವಾಗಿ ನಿಂತಿತು. ಇದ್ದೀಯೇನೋ. ಇದ್ದೀಯೇನೋ. ಕುರ್ಚಿ ಹಿಂದಕ್ಕೆ ಬಿತ್ತು, ಬಾಗಿಲು ನೂಕಿದೆ, ಹಬೆ, ಹಬೆಯೊಳಗೆ ಅವನು, ಬಿದ್ದಿಲ್ಲ, ಜಾರಿಲ್ಲ, ಪ್ಲಾಸ್ಟಿಕ್ ಮಣೆಯ ಮೇಲೆ ಕೂತಿದ್ದಾನೆ, ತಲೆ ತುಂಬ ನೊರೆ, ನನ್ನನ್ನೇ ನೋಡುತ್ತಿದ್ದಾನೆ, ಬಲಗೈ ಮುಷ್ಟಿ ಮಾಡಿ ಪಕ್ಕದ ಗೋಡೆಗೆ ಬಡಿದ, ಮೂರು ಸಲ, ನಿಲ್ಲಿಸಿದ, ಮತ್ತೆ ಮೂರು ಸಲ, ಬಡಿದೆ ಕಣೋ, ಅಂದ, ಟಾರ್ಚಲ್ಲಿ, ಹಿಂಗೆ, ತಲೆ ತಿರುಗ್ತಿತ್ತು, ನೀನು ಮಾತಾಡ್ಲಿಲ್ಲ, ಮಾತಿಗೆ ಮಾತು ಹುಡುಕಿ ಹುಡುಕಿ ಜೋಡಿಸುತ್ತಾನೆ, ನಾನು ಮುಂದಿನದು ಕೇಳಬಾರದು ಅಂದುಕೊಂಡೆ, ಕೇಳಿದೆ — ತಮಾಷೆ ಮಾಡ್ತಿದೀಯ ಅಂದ್ಕೊಂಡೆ. ಅದಕ್ಕೆ ಕಾಯ್ತಾ ಇದ್ದೆ. ನೊರೆ ಅವನ ಹುಬ್ಬಿನ ಮೇಲೆ ಇಳಿಯುತ್ತಿತ್ತು, ಕಣ್ಣಿಗೆ ಹೋಗುತ್ತದೆ ಅಂತ ಟವೆಲ್ಲಿನ ತುದಿಯಿಂದ ಒರೆಸಿದೆ, ಬೇರೆ ಏನು ಮಾಡಲೂ ನನ್ನ ಕೈಗೆ ತಿಳಿಯಲಿಲ್ಲ, ಅವನು ತಲೆ ಕೊಟ್ಟು ಕೂತ, ಮಗುವಿನ ಹಾಗೆ.

ಅಷ್ಟರಲ್ಲಿ ಮುಂಬಾಗಿಲ ಬೀಗ ತಿರುಗಿತು, ಪಾಸಾದೆ ಅಣ್ಣ, ರಿವರ್ಸಲ್ಲಿ ಮಾತ್ರ ಒಂದು ಸಲ ಆಫ್ ಆಯ್ತು, ಅಂತ ನಗುತ್ತ ಒಳಗೆ ಬಂದಳು, ಬಿದ್ದ ಕುರ್ಚಿ ನೋಡಿದಳು, ನನ್ನ ನೋಡಿದಳು, ನನ್ನ ಅಂಗಿಯ ತೋಳೆಲ್ಲ ನೊರೆ, ಇವತ್ತು ಬೇಡ, ಅವಳ ದಿನ ಇದು, ಮುಂದಿನ ವಾರ ಹೇಳಿದರಾಯಿತು, ಹಾಗೆ ಅಂದುಕೊಂಡೇ ಇನ್ನೂರು ವಾರ ಹೋಗಿವೆ, ತಂಗೀ, ಅವತ್ತು ನಾನು ಅಲ್ಲಿ ಇರಲಿಲ್ಲ, ಅಂದೆ, ಎದ್ದು ಹೋಗಿದ್ದೆ, ಹಾಳೇಲಿ ಇರೋದು ಸುಳ್ಳು, ಆಮೇಲೆ ಬರ್ದದ್ದು. ಅವಳು ಚಪ್ಪಲಿ ಬಿಡಲೂ ಇಲ್ಲ, ಬ್ಯಾಗು ಇಳಿಸಲೂ ಇಲ್ಲ, ನಗು ಮಾತ್ರ ಮುಖದಿಂದ ಹೇಗೆ ಇಳಿಯಬೇಕು ಅಂತ ತಿಳಿಯದೆ ಅಲ್ಲೇ ನಿಂತಿತ್ತು, ಬಯ್ಯುತ್ತಾಳೆ, ಬಯ್ಯಲಿ, ಹೊರಗೆ ನಡೀರಿ ಅನ್ನಲಿ, ಎಷ್ಟು ಹೊತ್ತು, ಅಂತ ಕೇಳಿದಳು. ಹನ್ನೊಂದು ನಿಮಿಷ. ಅವಳು ಲೆಕ್ಕ ಹಾಕಿದ ಹಾಗೆ ಗಡಿಯಾರದ ಕಡೆ ನೋಡಿದಳು, ನೋಡುತ್ತ ನಿಂತಳು, ಮುಳ್ಳು ಸರಿಯುವುದನ್ನೇ, ಆಮೇಲೆ ನನ್ನ ಕೈಯಿಂದ ಟವೆಲ್ಲು ತೆಗೆದುಕೊಂಡಳು, ನಾಳೆ ಹೋಗಿ ಅಲ್ಲಿ ಹೇಳಿ, ಎಲ್ಲಾರ ಮುಂದೆ ಹೇಳಿ, ಹೇಳೋ ತನಕ ಈ ಮನೆಗೆ ಬರ್ಬೇಡಿ, ಅಂದಳು, ಅಣ್ಣ ಅನ್ನಲಿಲ್ಲ, ಬಚ್ಚಲಿನ ಬಾಗಿಲು ನನ್ನ ಮುಖಕ್ಕೆ ಮೆಲ್ಲಗೆ ಮುಚ್ಚಿತು. ಹೇಳುತ್ತೇನೆ, ನಾಳೆ ಬೆಳಗ್ಗೆಯೇ ಹೇಳುತ್ತೇನೆ, ಗೋಡೆಯ ಫೋಟೋ ನಾನೇ ಇಳಿಸುತ್ತೇನೆ, ಕೆಲಸ ಹೋಗಲಿ, ವಿಮಾನ ರಿಪೇರಿಯ ಲೈಸೆನ್ಸು ಹೋಗಲಿ, ಮೆಟ್ಟಿಲು ಇಳಿಯುತ್ತಿದ್ದೇನೆ, ಒಂದು, ಎರಡು, ಮೂರು, ಹೆಜ್ಜೆ ಮೂರಕ್ಕೆ ನಿಲ್ಲುತ್ತದೆ, ಮತ್ತೆ ಮೂರು, ಮತ್ತೆ ನಿಲ್ಲುತ್ತದೆ, ರೆಕ್ಕೆಯೊಳಗೆ ಕತ್ತಲು, ಟಾರ್ಚಿನ ಹಿಡಿ ತಗಡಿಗೆ ಬಡಿಯುತ್ತಿದೆ, ಮೂರು ಸಲ, ಅವನು ಬಡಿದು ಕಿವಿಗೊಟ್ಟು ಕಾಯುತ್ತಿದ್ದಾನೆ, ಮೂರು ಸಲ, ಕಾಯುತ್ತಿದ್ದಾನೆ, ಮಾಸ್ಕಿನ ಹಿಂದೆ ಸ್ವಲ್ಪ ನಗುತ್ತ ಕಾಯುತ್ತಿದ್ದಾನೆ, ನಾನು ಈಗ ನಗುತ್ತೇನೆ, ಈಗ ಓ ಅನ್ನುತ್ತೇನೆ ಅಂತ