ಬಿಸಿನೀರಕ್ಕನನ್ನು ಕೆಳಗಿಳಿಸಿದ ದಿನ

"ತಲೆ ಕಡೆ ಮೇಲೆತ್ತಿ, ಕಾಲು ಕಡೆ ತಿರುಗಿಸಿ... ಅಯ್ಯೋ ನಿಧಾನ, ಗೋಡೆಗೆ ತಾಗುತ್ತೆ!"

ಪೆಟ್ಟಿಗೆ ಮೂರನೇ ಮಹಡಿಯಿಂದ ಎರಡನೆಯದಕ್ಕೆ ಇಳಿಯುವ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಲಿಫ್ಟಿನಲ್ಲಿ ಅದು ಹಿಡಿಸಿರಲಿಲ್ಲ. ಶವದ ವ್ಯಾನಿನಿಂದ ಬಂದವರು ಇಬ್ಬರೇ. ಒಬ್ಬನ ಕೂದಲು ಪೂರ್ತಿ ನರೆತಿತ್ತು. ಕೆಳಗಿನ ಭಾರವೆಲ್ಲ ಅವನ ಹೆಗಲಿಗೇ ಬಿದ್ದಿತ್ತು. ಅವನ ಮೊಣಕಾಲು ನಡುಗುವುದು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಸತ್ತವಳ ಮಗಳಿಗೆ ಕಾಣುತ್ತಿತ್ತು.

"ಇಳಿಸಿ, ಸ್ವಲ್ಪ ಹೊತ್ತು ಇಳಿಸಿ," ಎಂದಳು.

ಮುದುಕ ಪೆಟ್ಟಿಗೆಯನ್ನು ಮೆಟ್ಟಿಲಿಗೆ ಒರಗಿಸಿ, ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ. "ತಪ್ಪು ತಿಳ್ಕೋಬೇಡಿ ಅಮ್ಮಾ, ಉಸಿರೇ ಸಿಕ್ತಿಲ್ಲ. ಹೋದ ತಿಂಗಳೇ ಬಿಡ್ಬೇಕಿತ್ತು ಈ ಕೆಲಸ. ನಿವೃತ್ತಿ ವಯಸ್ಸು ಏರಿಸಿಬಿಟ್ರಲ್ಲ, ಇನ್ನೂ ಎರಡು ವರ್ಷ ಎಳೀಬೇಕು."

ಮಗಳು ಪೆಟ್ಟಿಗೆ ಜಾರದಂತೆ ಕೈ ಚಾಚಿ ಹಿಡಿದಳು. ಪಿಂಚಣಿ ಇಲಾಖೆಯಲ್ಲಿ ಕೂತು ಆ ಎರಡು ವರ್ಷದ ಲೆಕ್ಕ ಹಾಕಿಕೊಟ್ಟವಳು ಅವಳೇ.

ಮೆಟ್ಟಿಲ ತುಂಬ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಹೆಂಗಸರು ನಿಂತಿದ್ದರು, ಸತ್ತವಳ ಹಳೆಯ ಜೊತೆಗಾರ್ತಿಯರು. ಅವರಲ್ಲಿ ಎಲ್ಲರೂ ಕುಳ್ಳಿ ಎಂದು ಕರೆಯುತ್ತಿದ್ದವಳು ನುಗ್ಗಿಕೊಂಡು ಮುಂದೆ ಬಂದಳು.

"ನಮ್ಮ ಬಿಸಿನೀರಕ್ಕ ಅಲ್ವೇನ್ರೇ! ಬದುಕಿದ್ದಾಗ್ಲೂ ಇವಳನ್ನ ಕೂತ ಜಾಗದಿಂದ ಯಾರೂ ಸುಲಭಕ್ಕೆ ಎಬ್ಬಿಸಿದ್ದಿಲ್ಲ."

ಕಣ್ಣೊರೆಸಿಕೊಳ್ಳುತ್ತಿದ್ದವರೂ ನಕ್ಕುಬಿಟ್ಟರು.

*

ಬಿಸಿನೀರಕ್ಕ ಎಂಬ ಹೆಸರು ಬಂದದ್ದು ಆಸ್ಪತ್ರೆಯಲ್ಲಿ. ಒದ್ದೆ ಹಾಸಿಗೆ ಬಟ್ಟೆಗಳನ್ನು ಯಂತ್ರದಿಂದ ಎಳೆದು ಗಾಡಿಗೆ ತುಂಬುವುದರಲ್ಲೇ ಅವಳ ಪ್ರಾಯ ಕಳೆದಿತ್ತು. ಬಾಯಿಯೂ ಅಲ್ಲಿನ ನೀರಿನ ಹಾಗೇ ಕುದಿಯುತ್ತಿತ್ತು. ನಿವೃತ್ತಳಾಗುವ ಹೊತ್ತಿಗೆ ಎರಡೂ ತೋಳು ಕಿವಿಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಮಗಳು ಕಚೇರಿಗೆ ಹೊರಡುವ ಮೊದಲು ಅಮ್ಮನಿಗೆ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅವರ ಜಗಳಗಳೆಲ್ಲ ನಡೆಯುತ್ತಿದ್ದುದು ಆಗಲೇ.

ನಿವೃತ್ತಿಯ ವಯಸ್ಸು ಏರಿಸುವ ಕಾನೂನು ಬಂದಾಗ ಅಮ್ಮ ಇಲಾಖೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ದಿನವೂ ಕೂತಳು. ಇನ್ನಷ್ಟು ಮುದುಕರು ಬಂದು ಸೇರಿಕೊಂಡರು.

"ನಿನ್ನ ಪಿಂಚಣಿ ಯಾರೂ ಮುಟ್ಟಲ್ಲ ಅಮ್ಮಾ. ಈಗಾಗ್ಲೇ ತಗೊಳ್ತಿರೋರಿಗೆ ಏನೂ ಆಗಲ್ಲ. ನಿನಗ್ಯಾಕೆ ಬೇಕು ಇದೆಲ್ಲಾ?"

"ಅದಕ್ಕೇ ನಾನು ಕೂತಿರೋದು. ಕುಳ್ಳಿ ಬಂದು ಕೂತ್ರೆ ಕೆಲಸದಿಂದ ತೆಗೀತಾರೆ. ನನ್ನ ಎಲ್ಲಿಂದ ತೆಗೀತಾರೆ?"

"ದುಡಿಯೋರು ಕಮ್ಮಿ ಆಗ್ತಿದ್ದಾರೆ, ವಯಸ್ಸಾದೋರು ಜಾಸ್ತಿ ಆಗ್ತಿದ್ದಾರೆ. ಹೀಗೇ ಬಿಟ್ರೆ ಕುಳ್ಳಿ ಚಿಕ್ಕಮ್ಮನ ಮಕ್ಕಳ ಕಾಲಕ್ಕೆ ಪಿಂಚಣಿಯೇ ಇರಲ್ಲ. ಇದು ಸುಳ್ಳಲ್ಲ ಅಮ್ಮಾ."

"ಸುಳ್ಳು ಅಂದ್ನಾ ನಾನು? ಕೂತು ದುಡಿಯೋರು ಇನ್ನೂ ಎರಡು ವರ್ಷ ಕೂತ್ಕೊಳ್ಳಿ. ಎತ್ತಿ ದುಡಿಯೋರನ್ನ ಬಿಟ್ಬಿಡಿ. ಅಷ್ಟೇ ನಾನು ಕೇಳ್ತಿರೋದು."

ಮಗಳ ಬೆರಳುಗಳು ಜಡೆಯಲ್ಲೇ ನಿಂತವು. "ಅದನ್ನ ನಾನೂ ಕರಡಿನಲ್ಲಿ ಸೇರಿಸಿದ್ದೆ. ಭಾರ ಎತ್ತೋರಿಗೆ ವಿನಾಯಿತಿ ಅಂತ. ಕಾರ್ಯದರ್ಶಿ ತೆಗೆಸಿಹಾಕಿದ್ರು. ಮುಂದಿನ ಸಲ ನೋಡೋಣ ಅಂದ್ರು."

"ನೀನೇನಂದೆ?"

"ಸರಿ ಸರ್ ಅಂದೆ."

ಅಮ್ಮ ತಿರುಗಿ ನೋಡಲಿಲ್ಲ. "ಜಡೆ ಬಿಗಿಯಾಗಿ ಹಾಕು," ಎಂದಳು. "ಹೊರಗೆ ಗಾಳಿ ಜಾಸ್ತಿ."

ಹಗಲೆಲ್ಲ ಒಬ್ಬಳು ಬಾಗಿಲ ಒಳಗೆ, ಒಬ್ಬಳು ಹೊರಗೆ. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಮನೆಗೆ ಬರುತ್ತಿದ್ದರು. ಚಳಿ ಬಿದ್ದ ಮೇಲೆ ಅಮ್ಮನಿಗೆ ಕೆಮ್ಮು ಹತ್ತಿತು. ಕೆಮ್ಮು ಎದೆಗಿಳಿಯಿತು. ಮಲಗಿದವಳು ಮತ್ತೆ ಏಳಲಿಲ್ಲ.

*

ಕೆಳಗಿನಿಂದ ಬೂಟಿನ ಸದ್ದು ಕೇಳಿಸಿತು. ಇಲಾಖೆಯ ಕಾರ್ಯದರ್ಶಿ ಹತ್ತಿ ಬರುತ್ತಿದ್ದರು, ಕೈಯಲ್ಲಿ ದೊಡ್ಡದೊಂದು ಹೂವಿನ ಹಾರ. ಪೆಟ್ಟಿಗೆ ದಾರಿಗಡ್ಡ ಇದ್ದುದರಿಂದ ಅಲ್ಲೇ ನಿಂತರು.

"ಬಹಳ ಬೇಜಾರಾಯ್ತಮ್ಮ. ನಮ್ಮ ವಿಚಾರ, ಅವರ ವಿಚಾರ ಬೇರೆ ಬೇರೆ ಇರಬಹುದು, ಆದ್ರೆ ಗಟ್ಟಿ ಹೆಂಗಸು."

"ಗಟ್ಟಿ ಅಂತ ಗೊತ್ತಾಗೋಕೆ ಅವಳು ಸಾಯ್ಬೇಕಿತ್ತಾ?" ಎಂದಳು ಕುಳ್ಳಿ.

ಮಗಳು ಕುಳ್ಳಿಯ ತೋಳು ಹಿಡಿದು ತಡೆದಳು. "ಸರ್, ಹಾರ ಆಮೇಲೆ ಹಾಕೋಣ. ಇವರ ಕೈಲಿ ಆಗ್ತಿಲ್ಲ. ಕಾಲು ಕಡೆ ಸ್ವಲ್ಪ ಹಿಡೀತೀರಾ?"

"ನಾನಾ?" ಕಾರ್ಯದರ್ಶಿ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಹಿಡೀತಿದ್ದೆ. ಡಾಕ್ಟ್ರು ಭಾರ ಎತ್ತಲೇಬಾರದು ಅಂದಿದ್ದಾರೆ. ವಯಸ್ಸಾಯ್ತಲ್ಲ..."

ವ್ಯಾನಿನ ಮುದುಕ ಕೂತಲ್ಲಿಂದಲೇ ತಲೆಯೆತ್ತಿದ.

"ನಿಮಗೆಷ್ಟು ಸ್ವಾಮಿ?"

"ಅರವತ್ತೊಂದು."

"ನನಗೆ ಅರವತ್ತಮೂರು," ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಏಳಲು ಗೋಡೆಗೆ ಕೈಯೂರಿದ.

"ಕೂತ್ಕೊ ಅಣ್ಣಾ," ಎಂದು ಕುಳ್ಳಿ ಅವನ ಹೆಗಲು ಒತ್ತಿದಳು. "ನಾವಿದ್ದೀವಿ."

ಮಗಳು ಕೋಟು ಬಿಚ್ಚಿ ಕಂಬಿಯ ಮೇಲೆ ಹಾಕಿ, ಪೆಟ್ಟಿಗೆಯ ಪಕ್ಕದಿಂದ ನುಸುಳಿ ಕಾಲಿನ ಕಡೆಗೆ ಬಂದು ಬಗ್ಗಿದಳು. ಕುಳ್ಳಿ ಅವಳ ಪಕ್ಕಕ್ಕೆ ಬಂದಳು. ಉಳಿದ ಹೆಂಗಸರು ಮೇಲಿನಿಂದ ಹಿಡಿದರು. ಎತ್ತಿದ ಕೂಡಲೇ ಮರದ ಅಂಚು ಮಗಳ ಕತ್ತಿನ ಬುಡಕ್ಕೆ ಒತ್ತಿತು. ಕಣ್ಣು ಕತ್ತಲಿಟ್ಟಿತು. ಇದು ಒಣಗಿ ಹಗುರಾದ ಅಮ್ಮ. ಅಮ್ಮ ಎತ್ತುತ್ತಿದ್ದ ಒದ್ದೆ ಬಟ್ಟೆಯ ಮೂಟೆ ಇದಕ್ಕಿಂತ ಎಷ್ಟು ಭಾರವಿತ್ತೋ, ಅವಳು ಎಂದೂ ಕೇಳಿರಲಿಲ್ಲ.

ಕಾರ್ಯದರ್ಶಿ ಹಾರವನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ದಾರಿ ಬಿಟ್ಟರು. ಅವಳು ಹಾದುಹೋಗುವಾಗ ಮೆಲ್ಲಗೆ, "ಸೋಮವಾರ ಬಾ, ಮಾತಾಡೋಣ," ಎಂದರು.

"ಇವತ್ತೇ ಬರ್ತೀನಿ ಸರ್. ಮಣ್ಣು ಮಾಡಿ ನೇರ ಅಲ್ಲಿಗೇ."

"ಇವತ್ತು ನಿನಗೆ ರಜೆ ಅಲ್ವಾ?"

"ಒಳಗೆ ಬರಲ್ಲ ಸರ್."

*

ಮಣ್ಣು ಮಾಡಿ ಮುಗಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ನಲ್ಲಿಯಲ್ಲಿ ಕೈ ತೊಳೆದುಕೊಂಡು ಹೆಂಗಸರು ಇಲಾಖೆಯ ಕಡೆಗೆ ನಡೆದರು.

"ಚಿಕ್ಕಮ್ಮಾ, ನೀವು ಮನೆಗೆ ಹೋಗಿ. ಕೆಲಸ ಹೋಗುತ್ತೆ ನಿಮ್ದು."

"ನಿಂದೂ ಹೋಗುತ್ತೆ ಕಣೇ. ಎರಡೂ ಒಟ್ಟಿಗೇ ಹೋಗ್ಲಿ ಬಿಡು, ದಾರೀಲಿ ಒಂದಕ್ಕೊಂದು ಜೊತೆಯಾಗುತ್ತೆ."

ಮಗಳು ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಕುಳ್ಳಿ ಸೆರಗಿನಿಂದ ಅವಳ ಮುಖ ಒರಟಾಗಿ ಒರೆಸಿದಳು.

"ಚಿಕ್ಕಮ್ಮಾ, ನನ್ನ ಲೆಕ್ಕ ತಪ್ಪಲ್ಲ."

"ತಪ್ಪು ಅಂತ ಯಾರಂದ್ರು? ಅದರೊಳಗೆ ನಮಗೂ ಒಂದಿಷ್ಟು ಜಾಗ ಮಾಡು. ನಡಿ."

ಇಲಾಖೆಯ ಮೆಟ್ಟಿಲ ಮೇಲಿದ್ದ ಮುದುಕರು ಅವರನ್ನು ಕಂಡು ಆಚೀಚೆ ಸರಿದರು. ಮಗಳು ಬಾಗಿಲಿಗೆ ಬೆನ್ನು ಮಾಡಿ, ಅವರ ನಡುವೆ ಕೂತಳು. ಅವಳ ಚಪ್ಪಲಿಯಿಂದ ಹಸಿಮಣ್ಣು ಕಲ್ಲಿನ ಮೇಲೆ ಉದುರಿತು.

ಬಾಗಿಲ ಕಾವಲುಗಾರ ಅಭ್ಯಾಸಬಲದಿಂದ ಅವಳಿಗೆ ಸಲಾಮು ಹೊಡೆಯಲು ಕೈಯೆತ್ತಿದ. ಅವಳು ಕೂತಿರುವುದು ಎಲ್ಲಿ ಎಂಬುದು ಆಮೇಲೆ ಕಣ್ಣಿಗೆ ಬಿತ್ತು. ಕೈ ಇಳಿಸಲೂ ಇಲ್ಲ, ಹಣೆಗೆ ಮುಟ್ಟಿಸಲೂ ಇಲ್ಲ. ಒಳಗಿನ ಕಿಟಕಿಗಳನ್ನೊಮ್ಮೆ, ಅವಳನ್ನೊಮ್ಮೆ ನೋಡುತ್ತ, ಅರ್ಧ ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತ.